ಬೆಂಕಿಯ ಹದವೂ ಹರಳಿನ ಬೆಳವಣಿಗೆಯೂ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ಬಿಳಿಯ ಕವಚವು ಪಿಂಗಾಣಿಯಂತೆ ಕಂಡರೂ ಅದರ ಮುಖ್ಯ ದ್ರವ್ಯ ಅಲ್ಯೂಮಿನ, ಎಂದರೆ ಅಲ್ಯೂಮಿನಿಯಂ ಆಕ್ಸೈಡ್. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಲ್ಲಿ ನೆಲೆಗೊಂಡ ಮೈಕೋ ಕಂಪನಿಯು ಇಂತಹ ಪ್ಲಗ್ಗುಗಳಿಗೆ ಹೆಸರಾಯಿತು. 2008ರಲ್ಲಿ ಕಂಪನಿಯ ಹೆಸರು ಬದಲಾದರೂ, ಬಿ.ಟಿ.ಎಂ. ಬಡಾವಣೆಗೆ ಹೊಂದಿಕೊಂಡ ಮೈಕೋ ಬಡಾವಣೆಯಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ.

ಈ ಕವಚವು ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ತಡೆಯಬೇಕು. ಉಷ್ಣದ ಏರಿಳಿತವನ್ನು ಸಹಿಸಬೇಕು. ಕೂದಲೆಳೆಯ ಬಿರುಕು ಬಿಟ್ಟರೂ ಕಿಡಿ ದಾರಿತಪ್ಪಿ ಎಂಜಿನ್ ಮುಗ್ಗರಿಸುತ್ತದೆ. ಅದರ ಬಲಾಬಲವು ಬಹುಮಟ್ಟಿಗೆ ನಿರ್ಧಾರವಾಗುವುದು ಕುಲುಮೆಯಲ್ಲಿ.

ಅಲ್ಯೂಮಿನ ಕರಗುವುದು ಸುಮಾರು 2050 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆದರೆ ಅದನ್ನು ಕರಗಿಸುವ ಅಗತ್ಯವಿಲ್ಲ. ನುಣುಪಾದ ಪುಡಿಯನ್ನು ಒತ್ತಿ, ಆಕಾರ ಕೊಟ್ಟು, 1600 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಆಗ ಪರಮಾಣುಗಳು ಸರಿದಾಡಿ, ಕಣಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ನಡುವಣ ರಂಧ್ರಗಳು ಕಿರಿದಾಗುತ್ತವೆ. ವಸ್ತುವು ಉದ್ದದಲ್ಲಿ ನೂರಕ್ಕೆ 15ರಿಂದ 20ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿಂಟರಿಂಗ್ ಎಂದು ಹೆಸರು.

ಹಾಗಾದರೆ ಇನ್ನೂ ಹೆಚ್ಚು ಕಾಯಿಸಿದರೆ ಇನ್ನೂ ಗಟ್ಟಿಯಾಗಬೇಕಲ್ಲವೆ? ಇಲ್ಲ. ಅದೇ ಉಷ್ಣದಲ್ಲಿ ಮತ್ತೊಂದು ಕ್ರಿಯೆಯೂ ನಡೆಯುತ್ತಿರುತ್ತದೆ. ಸಾಬೂನಿನ ನೊರೆಯಲ್ಲಿ ದೊಡ್ಡ ಗುಳ್ಳೆಗಳು ಚಿಕ್ಕವನ್ನು ನುಂಗಿ ಬೆಳೆಯುವಂತೆ, ದೊಡ್ಡ ಹರಳುಗಳು ನೆರೆಯ ಚಿಕ್ಕ ಹರಳುಗಳನ್ನು ಆಕ್ರಮಿಸುತ್ತವೆ. ರಂಧ್ರಗಳನ್ನು ಮುಚ್ಚಲು ಪರಮಾಣುಗಳು ಸಾಗಿಬರುವ ಹೆದ್ದಾರಿಯೆಂದರೆ ಹರಳುಗಳ ನಡುವಣ ಎಲ್ಲೆ. ಉಷ್ಣವಾಗಲಿ ಕಾಲವಾಗಲಿ ಮಿತಿಮೀರಿದರೆ ಆ ಎಲ್ಲೆಯು ರಂಧ್ರವನ್ನು ಹಿಂದಿಕ್ಕಿ ಮುಂದೆ ಸರಿಯುತ್ತದೆ. ಹರಳಿನ ಒಡಲಲ್ಲಿ ಸೆರೆಯಾದ ರಂಧ್ರವು ಮತ್ತೆ ಮುಚ್ಚುವುದು ಬಹು ಕಷ್ಟ. ಅದೂ ಅಲ್ಲದೆ, ಅಲ್ಯೂಮಿನದ ಹರಳು ತಣಿಯುವಾಗ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಕುಗ್ಗುವುದಿಲ್ಲ. ಆದುದರಿಂದ ಹರಳುಗಳು ದೊಡ್ಡವಾದಷ್ಟೂ ಬಿರುಕಿನ ಭಯ ಹೆಚ್ಚು.

ಇದಕ್ಕೆ ಪರಿಹಾರವನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಬರ್ಟ್ ಕೋಬಲ್ ತೋರಿಸಿಕೊಟ್ಟರು. ಅಲ್ಯೂಮಿನಕ್ಕೆ ನೂರಕ್ಕೆ 0.25ರಷ್ಟು ಮೆಗ್ನೀಷಿಯ ಬೆರೆಸಿದಾಗ ಹರಳುಗಳ ಎಲ್ಲೆಯ ಓಟ ನಿಧಾನವಾಯಿತು. ಕುಲುಮೆಯ ಗಾಳಿಯೂ ಮುಖ್ಯವೆಂದು ಅವರು ಕಂಡುಕೊಂಡರು: ರಂಧ್ರದಲ್ಲಿ ಸಿಕ್ಕಿಬಿದ್ದ ಸಾರಜನಕ ಹೊರಬರಲಾರದು, ಜಲಜನಕವಾದರೋ ನುಸುಳಿ ಹೊರಬರುತ್ತದೆ. ಹೀಗೆ ರಂಧ್ರಗಳೆಲ್ಲ ಮಾಯವಾಗಲು, ಅಪಾರದರ್ಶಕವಾಗಿದ್ದ ಅಲ್ಯೂಮಿನದೊಳಗೆ ಬೆಳಕು ಹಾಯ್ದಿತು! ನಮ್ಮ ನಗರಗಳ ಬೀದಿಗಳಲ್ಲಿ ದಶಕಗಳ ಕಾಲ ಹೊಂಬೆಳಕು ಚೆಲ್ಲಿದ ಅಧಿಕ ಒತ್ತಡದ ಸೋಡಿಯಂ ದೀಪಗಳ ಒಳಗೊಳವೆಯು ಇದರಿಂದಲೇ ಆದುದು.

ಮಡಕೆಯನ್ನು ಆವಿಗೆಯಲ್ಲಿ ಸುಡುವ ಕುಂಬಾರನಿಗೆ ಹದ ತಪ್ಪಿದರೆ ಆಗುವ ನಷ್ಟ ಚೆನ್ನಾಗಿ ಗೊತ್ತು. ಎಷ್ಟು ಉಷ್ಣ, ಎಷ್ಟು ಕಾಲ, ಯಾವ ಗಾಳಿ, ಯಾವ ಬೆರಕೆ ಎಂಬ ಲೆಕ್ಕದಿಂದ ವಿಜ್ಞಾನವು ಆ ಹದಕ್ಕೆ ಕಾರಣವನ್ನು ಒದಗಿಸಿದೆ.