ಗೋಡೆಯೊಳಗಿನ ಗಂಟು

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಷ್ಟು ಕಾಲ ಕಳೆದಮೇಲೂ ಮನೆಯ ಒಂದು ಸಾಕೆಟ್ಟನ್ನು ನೆಟ್ಟಗೆ ರಿಪೇರಿ ಮಾಡಿಸುವುದು ಗೃಹಸ್ಥರಿಗೆ ದುಸ್ಸಾಧ್ಯವಾಗಿರುವುದು ಸೋಜಿಗವಲ್ಲವೆ?

ದೀಪ ಹತ್ತಿದರೆ ಕೆಲಸ ಮುಗಿಯಿತೆಂಬುದು ರಿಪೇರಿಗೆ ಬಂದವನ ಮತ. ಹಣ ಕೊಡುವ ನಮ್ಮ ಮತವೂ ಅದೇ. ಗೋಡೆಯೊಳಗೆ ಎರಡು ತಂತಿಗಳನ್ನು ಬೆರಳಿನಿಂದ ಹೊಸೆದು ಟೇಪು ಸುತ್ತಿದುದನ್ನು ಕಾಣುವವರಾರು? ಸಡಿಲವಾದ ಗಂಟು ದಿನೇ ದಿನೇ ಬಿಸಿಯೇರಿ ಸುಟ್ಟ ವಾಸನೆ ಬಂದಾಗಲೇ ಅದರ ಅರಿವು. ಇದಕ್ಕಿಂತ ಘೋರವಾದುದು ಹಸುರು ತಂತಿಯ ಗತಿ. ಮೂರು ರಂಧ್ರಗಳ ಸಾಕೆಟ್ಟಿನಲ್ಲಿ ದೊಡ್ಡ ರಂಧ್ರವಿರುವುದು ಅಲಂಕಾರಕ್ಕಲ್ಲ. ಇಸ್ತ್ರಿಪೆಟ್ಟಿಗೆಯ ಲೋಹಕ್ಕೆ ವಿದ್ಯುತ್ತು ತಗಲಿದರೆ ಅದನ್ನು ನೆಲಕ್ಕೆ ಒಯ್ದು ಫ್ಯೂಸು ಹೋಗುವಂತೆ ಮಾಡುವುದು ಆ ತಂತಿಯೇ. ಅದನ್ನು ಕತ್ತರಿಸಿ ಒಳಕ್ಕೆ ಮಡಚಿಟ್ಟರೂ ಇಸ್ತ್ರಿಪೆಟ್ಟಿಗೆ ಎಂದಿನಂತೆಯೇ ಕಾಯುತ್ತದೆ! ಪೆಟ್ಟು ತಗಲುವುದು ಎಂದೋ ಒಂದು ದಿನ, ಒದ್ದೆಗೈಯಿಂದ ಮುಟ್ಟಿದವರಿಗೆ; ಅಷ್ಟರಲ್ಲಿ ರಿಪೇರಿ ಮಾಡಿದವನ ಹೆಸರೂ ಮರೆತಿರುತ್ತದೆ. ಹಣ ತೆರುವ ಮುನ್ನ, ಮೈನ್ ಸ್ವಿಚ್ಚನ್ನು ಆರಿಸಿ, ಮುಚ್ಚಳ ತೆಗೆಸಿ ಆ ತಂತಿಯನ್ನು ತೋರಿಸೆಂದು ಕೇಳುವವರು ಊರಿಗೆಷ್ಟು ಮಂದಿ?

ರಸ್ತೆಯಲ್ಲಿಯೂ ಇದೇ ನ್ಯಾಯ. ಪಾದಚಾರಿಗಳ ಹಾದಿಗೆ ಮೋಟಾರ್ ಸೈಕಲ್ ಹತ್ತಿಸುವ ಮಹಾಶಯರಿಗೆ ಒಂದು ನಿಮಿಷ ಉಳಿಯಿತು. ಅವರು ಅಲುಗಿಸಿದ ಹಾಸುಗಲ್ಲನ್ನು ಸಂಜೆ ಎಡವುವ ವೃದ್ಧರು ಅವರ ಲೆಕ್ಕಕ್ಕಿಲ್ಲ. ಆಸ್ಪತ್ರೆಗಳ ಸುತ್ತಣ 100 ಮೀಟರನ್ನು ನಿಶ್ಶಬ್ದವಲಯವೆಂದು ಸಾರಲು 2000ದ ಶಬ್ದಮಾಲಿನ್ಯ ನಿಯಮಗಳು ಅವಕಾಶವಿತ್ತಿವೆ. ಸಾರಿದ್ದೂ ಆಯಿತು, ಫಲಕ ನೆಟ್ಟದ್ದೂ ಆಯಿತು. ಹಾರನ್ನು ಮೊಳಗುವುದು ಆ ಫಲಕದ ಬುಡದಲ್ಲಿಯೇ.