ಓಲೆಯ ಛಾಯಾಪ್ರತಿಗಳೂ ಗಣಕಯಂತ್ರದ ಸ್ಥಳಾಭಾವವೂ

ತಾಳೆಯೋಲೆಯ ಕಟ್ಟುಗಳನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡುವ ಕ್ರಮಗಳು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಆ ಓಲೆಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಶೇಖರಿಸತೊಡಗಿದ ಮೇಲೆ ಹೊಸದೊಂದು ತೊಡಕು ಒದಗಿದೆ. ಯಂತ್ರವು ತುಂಬಿದಾಗ ಯಾವುದನ್ನು ತೆಗೆಯಬಹುದು, ಯಾವುದನ್ನು ತೆಗೆಯಲಾಗದು ಎಂಬುದನ್ನು ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಕ್ಷೇತ್ರಕಾರ್ಯದ ಅನುಭವದಿಂದ ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರಮಾಣವನ್ನು ತಿಳಿಯಬೇಕು. ಒಂದು ಗ್ರಂಥವೆಂದರೆ ೩೨ ಅಕ್ಷರ. ವೀರಸೇನಾಚಾರ್ಯರ ಧವಲಾ ಟೀಕೆಯ ಪ್ರಮಾಣ ೭೨,೦೦೦ ಗ್ರಂಥ. ಅಂದರೆ ೨೩,೦೪,೦೦೦ ಅಕ್ಷರ. ಅಕ್ಷರವೊಂದಕ್ಕೆ ಸರಾಸರಿ ೯ ಬೈಟುಗಳನ್ನು ಹಿಡಿದರೆ ಇಡೀ ಟೀಕೆಯ ಪಾಠವು ಸುಮಾರು ೨೧ ಎಂ.ಬಿ.ಯಲ್ಲಿ ಅಡಗುತ್ತದೆ. ಆದರೆ ೬,೦೦೦ಕ್ಕೆ ೪,೦೦೦ ಬಿಂದುಗಳುಳ್ಳ ಒಂದೇ ಒಂದು ಬಣ್ಣದ ಛಾಯಾಪ್ರತಿಯು, ಸಂಕೋಚನವಿಲ್ಲದ ಟಿಫ್ ರೂಪದಲ್ಲಿ, ೭೨ ಎಂ.ಬಿ.ಯನ್ನು ಆಕ್ರಮಿಸುತ್ತದೆ. ಇನ್ನೂರು ಗರಿಗಳ ಕಟ್ಟಿನ ಎರಡೂ ಮಗ್ಗುಲಿಗೆ ಸುಮಾರು ೨೯ ಜಿ.ಬಿ. ಬೇಕು. ೨೫೬ ಜಿ.ಬಿ.ಯ ಡಿಸ್ಕು ಒಂಬತ್ತು ಕಟ್ಟುಗಳೊಳಗೆ ತುಂಬುವುದು. ಆದುದರಿಂದ ಲಿಪ್ಯಂತರದ ಫೈಲುಗಳನ್ನು ಅಳಿಸುವುದರಿಂದ ಪ್ರಯೋಜನವಿಲ್ಲ. ಸ್ಥಳವನ್ನು ನುಂಗುವುವು ಚಿತ್ರಗಳೇ.

ವಿಂಡೋಸ್ ಯಂತ್ರದಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಸ್ಟೋರೇಜ್’ ಎಂಬ ಕ್ರಮದಲ್ಲಿ ತೆರೆದರೆ ಯಾವ ವರ್ಗವು ಎಷ್ಟು ಸ್ಥಳ ಹಿಡಿದಿದೆಯೆಂಬುದು ಕಾಣುತ್ತದೆ. ಬಳಿಕ ಫೋಲ್ಡರುಗಳಲ್ಲಿನ ಫೈಲುಗಳನ್ನು ಗಾತ್ರಾನುಕ್ರಮದಲ್ಲಿ ಜೋಡಿಸಿ ನೋಡಬೇಕು. ನನ್ನ ಯಂತ್ರದಲ್ಲಿ ನಿಟ್ಟೂರಿನ ಶಾಂತೀಶ್ವರ ಬಸದಿಯ ಒಂದೇ ವೀಡಿಯೊ ಮೂರು ಕಡೆ ಇದ್ದಿತು: ಡೆಸ್ಕ್‌ಟಾಪಿನಲ್ಲಿ, ಡೌನ್‌ಲೋಡ್ಸ್‌ನಲ್ಲಿ, ಫೋನಿನಿಂದ ತಂದ ಫೋಲ್ಡರಿನಲ್ಲಿ.

ನಿಶ್ಚಿಂತೆಯಿಂದ ತೆಗೆಯಬಹುದಾದವು ತಾತ್ಕಾಲಿಕ ಫೈಲುಗಳು ಮತ್ತು ಬಳಸದ ತಂತ್ರಾಂಶಗಳು. ಅಳಿಸಿದ ಫೈಲು ರೀಸೈಕಲ್ ಬಿನ್‌ನಲ್ಲಿ ಉಳಿದಿರುವವರೆಗೂ ಸ್ಥಳವು ತೆರವಾಗದೆಂಬುದನ್ನು ಮರೆಯಲಾಗದು. ತಾತ್ಕಾಲಿಕ ಫೈಲುಗಳ ಪಟ್ಟಿಯಲ್ಲಿಯೇ ‘ಡೌನ್‌ಲೋಡ್ಸ್’ ಎಂಬುದೂ ಸೇರಿರುವುದರಿಂದ ಅದರ ಮೇಲೆ ಗುರುತು ಹಾಕುವ ಮುನ್ನ ಒಳಗಿರುವುದನ್ನು ಪರಿಶೀಲಿಸಬೇಕು. ‘ವಿಂಡೋಸ್’ ಫೋಲ್ಡರಿನೊಳಗೆ ಕೈಯಾರೆ ಏನನ್ನೂ ಅಳಿಸಬಾರದು. ಗೂಗಲ್ ಡ್ರೈವ್ ಮೊದಲಾದವುಗಳೊಡನೆ ಜೋಡಣೆಗೊಂಡ ಫೋಲ್ಡರಿನಲ್ಲಿ ಒಂದೆಡೆ ಅಳಿಸಿದ್ದು ಉಳಿದೆಡೆಯೂ ಅಳಿಯುವುದು. ಟಿಫ್ ಚಿತ್ರವನ್ನು ಜೆಪೆಗ್ ರೂಪಕ್ಕೆ ಪರಿವರ್ತಿಸಿದರೆ ಸ್ಥಳವು ಬಹಳ ಉಳಿಯುವುದಾದರೂ ಸೂಕ್ಷ್ಮ ವಿವರಗಳು ಮರಳಿ ಬಾರದಂತೆ ನಷ್ಟವಾಗುವುವು. ಮಸಿ ತೊಡೆಯದ ಓಲೆಯಲ್ಲಿ ಕಂಠದ ಗೀರೇ ಅಕ್ಷರವಾದುದರಿಂದ ಮೂಲಚಿತ್ರವನ್ನು ಉಳಿಸಿಕೊಳ್ಳುವುದೇ ಯುಕ್ತ.

ಈ ವಿಷಯದಲ್ಲಿ ನನ್ನದೊಂದು ಪ್ರಮಾದವನ್ನು ಹೇಳುವುದು ಅವಶ್ಯ. ಕುಣಿಗಲ್ ಕಡೆಯ ಒಂದು ಮನೆತನದ ಕಟ್ಟಿನ ಛಾಯಾಪ್ರತಿಗಳು ಒಂದೇ ಹೆಸರಿನ ಎರಡು ಫೋಲ್ಡರುಗಳಲ್ಲಿದ್ದುವು. ತುಮಕೂರಿಗೆ ಹಿಂದಿರುಗಿದಾಗ ಯಂತ್ರವು ತುಂಬಿದ್ದಿತು. ಒಂದು ಇನ್ನೊಂದರ ನಕಲೆಂದು ಭಾವಿಸಿ ಅಳಿಸಿದೆನು. ಬಿನ್ನನ್ನೂ ಬರಿದು ಮಾಡಿದೆನು. ಪಾಠಶೋಧನೆಗೆ ಕುಳಿತಾಗ ಎಂಟು ಗರಿಗಳ ಹಿಂಬದಿಯು ಅಳಿಸಿದ ಫೋಲ್ಡರಿನಲ್ಲಿ ಮಾತ್ರ ಇದ್ದಿತೆಂದು ತಿಳಿಯಿತು. ಮನೆಯ ಹಿರಿಯರು ಔದಾರ್ಯದಿಂದ ಕಟ್ಟನ್ನು ಮತ್ತೆ ಬಿಚ್ಚಲು ಒಪ್ಪಿದರು. ಅಷ್ಟರಲ್ಲಿ ಎರಡು ಗರಿಗಳ ಅಂಚು ಮುರಿದು ಉದುರಿದ್ದಿತು. ಅಲ್ಲಿನ ಅಕ್ಷರಗಳು ಈಗ ಓಲೆಯಲ್ಲಿಯೂ ಇಲ್ಲ, ಚಿತ್ರದಲ್ಲಿಯೂ ಇಲ್ಲ.

ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆದಿಡುತ್ತಿದ್ದ ಲಿಪಿಕಾರರ ಪದ್ಧತಿ ಇಲ್ಲಿ ಮಾರ್ಗದರ್ಶಕವಾಗಿದೆ. ಆ ಸಂಖ್ಯೆಯಿಂದ ಪ್ರತಿಯು ಪೂರ್ಣವೋ ತ್ರುಟಿತವೋ ಎಂಬುದನ್ನು ಮುಂದಿನವರು ಅಳೆಯಬಲ್ಲವರಾದರು. ಹಾಗೆಯೇ ಚಿತ್ರಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿದಾಗ ಎರಡೂ ಕಡೆಯ ಫೈಲುಗಳ ಸಂಖ್ಯೆ, ಬೈಟುಗಳ ಮೊತ್ತ ಇವನ್ನು ತಾಳೆ ನೋಡಬೇಕು. ಸಾಧ್ಯವಿದ್ದರೆ ಚೆಕ್‌ಸಮ್ಮನ್ನೂ ಹೋಲಿಸಬೇಕು. ಕೆಲವು ಚಿತ್ರಗಳನ್ನು ತೆರೆದೂ ನೋಡಬೇಕು. ಹೊರಗಿನ ಡಿಸ್ಕು ಒಂದೇ ಆದರೆ ಅದು ಸ್ಥಳಾಂತರವೇ ಹೊರತು ರಕ್ಷಣೆಯಲ್ಲ. ಎರಡು ಡಿಸ್ಕುಗಳಲ್ಲಿ, ಎರಡು ಬೇರೆ ಸ್ಥಳಗಳಲ್ಲಿ ಪ್ರತಿಯಿರುವುದು ನಿಶ್ಚಯವಾದ ಮೇಲೆಯೇ ಯಂತ್ರದಲ್ಲಿರುವುದನ್ನು ಅಳಿಸತಕ್ಕದ್ದು.

ಅನಾವಶ್ಯಕವಾದುದನ್ನು ತ್ಯಜಿಸುವುದು ನಮಗೆ ಹೊಸ ಪಾಠವಲ್ಲ. ಆದರೆ ತ್ಯಾಗಕ್ಕೆ ಮುನ್ನ ವಿವೇಕವಿರಬೇಕು, ಎಣಿಸದೆ ಅಳಿಸಬಾರದು.