ನೋವು, ದುಃಖ ಮತ್ತು ಕರ್ಮ: ಒಂದು ವಿವೇಚನೆ

ನೋವಿಗೆ ಪೂರ್ವಜನ್ಮದ ಕರ್ಮವೇ ಕಾರಣ, ಆದುದರಿಂದ ಅದನ್ನು ಅನುಭವಿಸಿಯೇ ತೀರಿಸಬೇಕು ಎಂಬುದೇ ಹಿಂದೂ ಚಿಂತನೆಯ ಸಾರವೆಂದು ಹಲವರು ಭಾವಿಸಿದ್ದಾರೆ. ಈ ಗ್ರಹಿಕೆಯು ರೋಗಿಯ ಮೇಲೆ ತಪ್ಪಿನ ಹೊರೆಯನ್ನು ಹೊರಿಸುವುದಲ್ಲದೆ ನೋಡುವವರ ಔದಾಸೀನ್ಯಕ್ಕೂ ಸಮರ್ಥನೆಯನ್ನು ಒದಗಿಸುತ್ತದೆ. ಮೂಲಗ್ರಂಥಗಳು ಇದನ್ನು ಎಷ್ಟರಮಟ್ಟಿಗೆ ಪುಷ್ಟೀಕರಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈಶ್ವರಕೃಷ್ಣನ ‘ಸಾಂಖ್ಯಕಾರಿಕೆ’ಯು ತ್ರಿವಿಧ ದುಃಖದ ಪ್ರಸ್ತಾಪದಿಂದಲೇ ಆರಂಭವಾಗುತ್ತದೆ. ದೇಹ ಮನಸ್ಸುಗಳಿಂದ ಹುಟ್ಟುವುದು ಆಧ್ಯಾತ್ಮಿಕ, ಇತರ ಜೀವಿಗಳಿಂದ ಒದಗುವುದು ಆಧಿಭೌತಿಕ, ದೈವೀ ಶಕ್ತಿಗಳಿಂದ ಬರುವುದು ಆಧಿದೈವಿಕ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಔಷಧಾದಿ ಲೌಕಿಕ ಉಪಾಯಗಳಿರುವಾಗ ತತ್ತ್ವಜಿಜ್ಞಾಸೆ ಏಕೆ ಎಂಬ ಆಕ್ಷೇಪವನ್ನು ಕಾರಿಕೆಯೇ ಎತ್ತಿಕೊಂಡು, ಅವು ನಿಶ್ಚಿತವೂ ಆತ್ಯಂತಿಕವೂ ಅಲ್ಲವೆಂದು ಉತ್ತರಿಸುತ್ತದೆ. ಅವು ಅಪೂರ್ಣವೆಂದಿತೇ ಹೊರತು ಅನುಚಿತವೆನ್ನಲಿಲ್ಲ.

‘ಚರಕಸಂಹಿತೆ’ಯ ವಿಮಾನಸ್ಥಾನದ 3ನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ಇನ್ನಷ್ಟು ನೇರವಾಗಿದೆ. ಆಯುಸ್ಸು ಪೂರ್ವನಿಶ್ಚಿತವೇ ಎಂದು ಅಗ್ನಿವೇಶನು ಕೇಳುತ್ತಾನೆ. ಹಿಂದಿನ ದೇಹದಲ್ಲಿ ಮಾಡಿದ ಕರ್ಮವು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ಪ್ರಬಲವಾದ ಪುರುಷಕಾರವು ದುರ್ಬಲವಾದ ದೈವವನ್ನು ಮೀರಬಲ್ಲದು ಎಂಬುದು ಆತ್ರೇಯನ ಉತ್ತರ. ಎಲ್ಲವೂ ನಿಯತವಾಗಿದ್ದರೆ ಔಷಧೋಪಚಾರಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಹೀಗೆ ಕರ್ಮಸಿದ್ಧಾಂತವನ್ನು ಒಪ್ಪಿಕೊಂಡೇ ಆಯುರ್ವೇದವು ಚಿಕಿತ್ಸೆಗೆ ಅವಕಾಶ ಕಲ್ಪಿಸಿತು.

ನೋವಿಗೂ ದುಃಖಕ್ಕೂ ಇರುವ ಅಂತರವನ್ನು ವೇದಾಂತವು ಗುರುತಿಸಿದೆ. ಪರಂಪರೆಯು ಶೃಂಗೇರಿಯ ವಿದ್ಯಾರಣ್ಯರ ಕೃತಿಯೆಂದು ಗೌರವಿಸುವ 14ನೆಯ ಶತಮಾನದ ‘ಪಂಚದಶೀ’ಯ ‘ತೃಪ್ತಿದೀಪ’ ಪ್ರಕರಣವು ಬೃಹದಾರಣ್ಯಕ ಉಪನಿಷತ್ತಿನ ಒಂದು ಮಂತ್ರದ ವಿಸ್ತೃತ ವಿವರಣೆ. ಪ್ರಾರಬ್ಧವಿರುವವರೆಗೆ ಜ್ಞಾನಿಯ ದೇಹಕ್ಕೂ ರೋಗ ತಪ್ಪದು. ಆದರೆ ದೇಹದ ತಾಪವನ್ನು ತನ್ನದೆಂದು ಭಾವಿಸಿ ಅವನು ಬೇಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಜ್ಞಾನಿಗೂ ರೋಗ ಬರುವುದಾದರೆ, ರೋಗವನ್ನು ಕಂಡು ರೋಗಿಯ ಇಂದಿನ ಶೀಲವನ್ನು ಅಳೆಯುವುದು ಅಸಾಧುವೆಂದೇ ತೀರ್ಮಾನಿಸಬೇಕಾಗುತ್ತದೆ.

ಭಗವದ್ಗೀತೆಯ ಎರಡು ಸಂದರ್ಭಗಳನ್ನು ಜೊತೆಗಿರಿಸಿ ನೋಡಿದಾಗ ಈ ವಿಚಾರವು ಸ್ಪಷ್ಟವಾಗುತ್ತದೆ. ಬಂದುಹೋಗುವ ಸುಖದುಃಖಗಳನ್ನು ಸಹಿಸಬೇಕೆಂದು 2ನೆಯ ಅಧ್ಯಾಯವು ಅರ್ಜುನನಿಗೆ ಬೋಧಿಸುತ್ತದೆ. ಇತರರ ಸುಖದುಃಖಗಳನ್ನು ತನ್ನವೆಂಬಂತೆ ಕಾಣುವವನೇ ಶ್ರೇಷ್ಠ ಯೋಗಿಯೆಂದು 6ನೆಯ ಅಧ್ಯಾಯವು ಸಾರುತ್ತದೆ. ಆದುದರಿಂದ ಸಹನೆಯು ತನಗೆ ತಾನೇ ವಿಧಿಸಿಕೊಳ್ಳಬೇಕಾದ ಸಾಧನೆ; ನರಳುವ ಇನ್ನೊಬ್ಬರಿಗೆ ಸಲ್ಲಬೇಕಾದುದು ಉಪಶಮನ. ಈ ವಿವೇಕವನ್ನು ಕೈಬಿಟ್ಟಲ್ಲಿ ಕರ್ಮಸಿದ್ಧಾಂತವು ನಿರ್ದಯತೆಯ ನೆಪವಾಗಿ ಪರಿಣಮಿಸುತ್ತದೆ.